ಟವಲಿನ ಮರೆ, ಮೊಬೈಲಿನ ಪರದೆ



ಪಾಂಡವಪುರ ತಾಲ್ಲೂಕಿನ ಬೇಬಿ ಜಾತ್ರೆ, ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಜಾತ್ರೆ ಎರಡೂ ದನಗಳ ಜಾತ್ರೆಗಳೆಂದೇ ಹೆಸರಾದವು. ದೇವರ ಉತ್ಸವ ಒಂದು ಕಡೆಯಾದರೆ, ಹಳ್ಳಿಕಾರ್ ಎತ್ತುಗಳ ಸಾಲು ಇನ್ನೊಂದು ಕಡೆ. ಮಂಡ್ಯ ಸೀಮೆಯ ರೈತನಿಗೆ ಎತ್ತು ಉಳುವ ಯಂತ್ರವೂ ಹೌದು, ಹೊರೆ ಎಳೆಯುವ ವಾಹನವೂ ಹೌದು. ಆದ್ದರಿಂದ ಈ ಭಾಗದಲ್ಲಿ ವಾಹನ ಕೊಳ್ಳುವುದರ ಚರಿತ್ರೆ ಹೇಳಬೇಕಾದರೆ ಷೋರೂಮಿನಿಂದಲ್ಲ, ಜಾತ್ರೆಯ ಮಾಳದಿಂದಲೇ ಆರಂಭಿಸಬೇಕು.

ಅಲ್ಲಿ ಕೊಳ್ಳುವವನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸಿನ ಲೆಕ್ಕ. ಆಮೇಲೆ ಮೈಮೇಲಿನ ಸುಳಿ ನೋಡುವುದು, ನಡೆಸಿ ನೋಡುವುದು, ನೊಗಕ್ಕೆ ಹೂಡಿ ನೋಡುವುದು. ಇಷ್ಟೆಲ್ಲ ಆದ ಮೇಲೆ ದರದ ಮಾತು. ದಲ್ಲಾಳಿಯ ಕೈ, ಕೊಳ್ಳುವವನ ಕೈ ಟವಲಿನ ಕೆಳಗೆ ಸೇರುತ್ತವೆ. ಹಿಡಿದ ಬೆರಳಿನ ಲೆಕ್ಕದಲ್ಲಿ ವ್ಯಾಪಾರ ನಡೆಯುತ್ತದೆ. ಸುತ್ತ ನಿಂತವರಿಗೆ ದರ ತಿಳಿಯುವುದಿಲ್ಲ.

ಈ ವ್ಯಾಪಾರದ ಸ್ವರೂಪವನ್ನು ಗಮನಿಸಿ. ಅದರಲ್ಲಿ ಸರಕು ಬಯಲಿನಲ್ಲಿತ್ತು, ಬೆಲೆ ಮರೆಯಲ್ಲಿತ್ತು. ಇಂದು ಶ್ರೀರಂಗಪಟ್ಟಣದಲ್ಲೋ ನಾಗಮಂಗಲದಲ್ಲೋ ಕುಳಿತು ಮೊಬೈಲಿನಲ್ಲಿ ಹಳೆಯ ಕಾರು ಹುಡುಕುವವನ ಸ್ಥಿತಿ ಇದಕ್ಕೆ ತದ್ವಿರುದ್ಧ. ಬೆಲೆ ಊರಿಗೆಲ್ಲ ಕಾಣುತ್ತದೆ. ಕಾರು ಮಾತ್ರ ಪರದೆಯ ಹಿಂದಿದೆ. ಹಾಗಾದರೆ ಹಲ್ಲು ನೋಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ವಾಹನ ಎಂಬ ವಸ್ತು ಊರಿನ ಕೈಯಿಂದ ದೂರವಾದದ್ದು ಹೇಗೆಂದು ನೋಡಬೇಕು.

ಆಚಾರಿಯ ಗಾಡಿ, ಫೋರ್ಡನ ಕಾರು

ಎತ್ತಿನ ಗಾಡಿ ಊರಿನಲ್ಲೇ ಹುಟ್ಟುತ್ತಿದ್ದ ವಾಹನ. ಜಾಲಿ ಮರದ ಗುಂಬ, ಅದಕ್ಕೆ ಸೇರಿಸಿದ ಅರಗಳು, ಸುತ್ತ ಕಾಯಿಸಿ ಬಿಗಿದ ಕಬ್ಬಿಣದ ಪಟ್ಟಿ, ಚಕ್ರ ಕಳಚದಂತೆ ಕಡಾಣಿ. ಮರಗೆಲಸದ ಆಚಾರಿ, ಕಮ್ಮಾರ ಇಬ್ಬರೂ ಪರಿಚಿತರು. ಗಾಡಿ ಕೆಟ್ಟರೆ ಕೇಳಲು ಒಂದು ಮನೆಬಾಗಿಲಿತ್ತು. ನಾಗಮಂಗಲವಂತೂ ಕಂಚು ಹಿತ್ತಾಳೆಯ ಎರಕಕ್ಕೆ ಹೆಸರಾದ ಊರು. ಲೋಹದ ಕೆಲಸ ಈ ಸೀಮೆಗೆ ಹೊಸತಲ್ಲ.

ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1908ರಲ್ಲಿ ‘ಮಾಡೆಲ್ ಟಿ’ ಕಾರನ್ನು ಹೊರತಂದ. 1913ರಲ್ಲಿ ಆತನ ಕಾರ್ಖಾನೆಯಲ್ಲಿ ಒಂದು ಬದಲಾವಣೆಯಾಯಿತು. ಕೆಲಸಗಾರ ಕಾರಿನ ಬಳಿಗೆ ಹೋಗುವ ಬದಲು ಕಾರೇ ಕೆಲಸಗಾರನ ಮುಂದೆ ಸಾಗಿಬರತೊಡಗಿತು. ಒಂದು ಚಾಸಿಸ್ ಜೋಡಿಸಲು ಹನ್ನೆರಡು ಗಂಟೆಗೂ ಹೆಚ್ಚು ಬೇಕಾಗಿದ್ದದ್ದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಕಾರು ಅಗ್ಗವಾಯಿತು. ಆದರೆ ಒಬ್ಬ ಕೆಲಸಗಾರ ಒಂದೇ ಬೋಲ್ಟು ಬಿಗಿಯುವ ಆ ವ್ಯವಸ್ಥೆಯಲ್ಲಿ, ಇಡೀ ಗಾಡಿಗೆ ತಾನೇ ಹೊಣೆ ಎನ್ನುವ ಆಚಾರಿ ಇರಲಿಲ್ಲ.

ಅಣೆಕಟ್ಟು ಕಟ್ಟಿದವರ ಇನ್ನೊಂದು ಕನಸು

ಕಾರಿನ ಕಾರ್ಖಾನೆ ಭಾರತಕ್ಕೂ ಬೇಕೆಂದು ಪಟ್ಟು ಹಿಡಿದವರು ಈ ಭಾಗದ ಜನ ಇಂದಿಗೂ ಮನೆಯಲ್ಲಿ ಪಟವಿಟ್ಟು ನೆನೆಯುವ ಸರ್ ಎಂ. ವಿಶ್ವೇಶ್ವರಯ್ಯನವರು. ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಯಿತು. ಅದರ ನಾಲೆಯ ನೀರು ಪಾಂಡವಪುರ, ಶ್ರೀರಂಗಪಟ್ಟಣದ ಹೊಲಗಳನ್ನು ಗದ್ದೆ ಮಾಡಿತು. ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಮೈಸೂರು ಸಕ್ಕರೆ ಕಂಪನಿ ಬಂತು, ಕಬ್ಬು ಸಾಗಿಸಲು ಗಾಡಿಗಳ ಸಾಲು ಬಂತು.

ವಿಶ್ವೇಶ್ವರಯ್ಯನವರ ಯೋಚನೆ ಅಲ್ಲಿಗೇ ನಿಲ್ಲಲಿಲ್ಲ. ಎಪ್ಪತ್ತು ದಾಟಿದ್ದ ಅವರು 1935ರಲ್ಲಿ ಯೂರೋಪ್, ಅಮೆರಿಕಗಳನ್ನು ಸುತ್ತಿ ಅಲ್ಲಿನ ಮೋಟಾರು ಉದ್ಯಮವನ್ನು ಅಧ್ಯಯನ ಮಾಡಿದರು. ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಆಗ ಇಲ್ಲಿ ನಡೆಯುತ್ತಿದ್ದುದು ಜೋಡಣೆ ಮಾತ್ರ. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯಲ್ಲಿ ಹೊರಗಿನಿಂದ ತಂದ ಭಾಗಗಳನ್ನು ಜೋಡಿಸಿ ಮಾರುತ್ತಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕಾರ್ಖಾನೆಗೆ ಮುಂದಾದರು. ಮೈಸೂರು ಸಂಸ್ಥಾನವೂ ಕೈಜೋಡಿಸಲು ಸಿದ್ಧವಿತ್ತು. ಆದರೆ ಬ್ರಿಟಿಷ್ ಭಾರತ ಸರ್ಕಾರದ ಬೆಂಬಲ ಸಿಗಲಿಲ್ಲ, ಯೋಜನೆ ಮೈಸೂರಿನ ನೆಲಕ್ಕೆ ಬರಲಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಕಾರಿನ ಕಾರ್ಖಾನೆಗೆ ಒಪ್ಪದಿದ್ದವರಿಗೆ ಯುದ್ಧಕಾಲದಲ್ಲಿ ವಿಮಾನ ಬೇಕಾಯಿತು. ಅದೇ ವಾಲ್‌ಚಂದ್ ಹೀರಾಚಂದ್, ಅದೇ ಮೈಸೂರು ಸಂಸ್ಥಾನ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದವು. ವಾಲ್‌ಚಂದರ ಮೋಟಾರು ಕಂಪನಿ ‘ಪ್ರೀಮಿಯರ್’ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಕಾರು ಮಾಡಬಲ್ಲ ಸೀಮೆ ಕಾರು ಕೊಳ್ಳುವ ಸೀಮೆಯಾಗಿಯೇ ಉಳಿಯಿತು.

ಸ್ವಾತಂತ್ರ್ಯದ ನಂತರ ಆ ಕೊರತೆಯನ್ನು ಸ್ವಲ್ಪ ತುಂಬಿದ್ದು ಮೋಟಾರು ಸೈಕಲ್. ಶ್ರೀರಂಗಪಟ್ಟಣಕ್ಕೆ ಕೂಗಳತೆಯಲ್ಲಿರುವ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಆರಂಭಿಸಿತು. ಮೂಲ ತಾಂತ್ರಿಕತೆ ಜೆಕೊಸ್ಲೊವಾಕಿಯದ್ದು. ದುಡಿಮೆ ಇಲ್ಲಿನವರದ್ದು. ಮುಂದೆ ‘ಯೆಜ್ಡಿ’ ಎಂಬ ಹೆಸರಿನಲ್ಲಿ ಬಂದ ಬೈಕುಗಳು ಹಳ್ಳಿಯ ಹಾಲಿನ ಕ್ಯಾನುಗಳನ್ನೂ ಹೊತ್ತವು, ಮದುವಣಿಗರನ್ನೂ ಹೊತ್ತವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. ಆದರೆ ಬೈಕು ತಯಾರಾಗಿದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಒಂದು ದೇಶದ್ದು, ನೆನಪು ಒಂದು ಊರಿನದು, ತಯಾರಿಕೆ ಇನ್ನೊಂದು ರಾಜ್ಯದ್ದು. ಜಾಗತಿಕ ವಾಹನೋದ್ಯಮದ ರೀತಿಯೇ ಇದು.

ಮೂವತ್ತು ಸಾವಿರ ಭಾಗಗಳ ಸಂಸಾರ

ಸರ್ಕಾರ 1993ರಲ್ಲಿ ಕಾರು ಉದ್ಯಮವನ್ನು ಲೈಸೆನ್ಸಿನಿಂದ ಮುಕ್ತಗೊಳಿಸಿತು. ವಿದೇಶಿ ಕಂಪನಿಗಳು ಬಂದವು. ಜಪಾನಿನ ಟೊಯೋಟಾ 1997ರಲ್ಲಿ ಕಿರ್ಲೋಸ್ಕರ್ ಸಮೂಹದೊಂದಿಗೆ ಸೇರಿ ಬಿಡದಿಯಲ್ಲಿ ನೆಲೆಯೂರಿತು. 2000ದಲ್ಲಿ ‘ಕ್ವಾಲಿಸ್’, 2005ರಲ್ಲಿ ‘ಇನ್ನೋವಾ’ ರಸ್ತೆಗಿಳಿದವು. ವಿಶ್ವೇಶ್ವರಯ್ಯನವರು ಕನಸು ಕಂಡು ಆರು ದಶಕ ಕಳೆದ ಮೇಲೆ, ಮೈಸೂರು ರಸ್ತೆಯ ಪಕ್ಕದಲ್ಲೇ ಕಾರಿನ ಕಾರ್ಖಾನೆ ಎದ್ದಿತು.

ಒಂದು ಕಾರಿನಲ್ಲಿ ಸಣ್ಣ ತಿರುಪೂ ಸೇರಿ ಸುಮಾರು 30 ಸಾವಿರ ಭಾಗಗಳಿರುತ್ತವೆ ಎಂಬುದು ಟೊಯೋಟಾದ ಲೆಕ್ಕ. ಯಾವ ಕಂಪನಿಯೂ ಇಷ್ಟನ್ನೂ ತಾನೇ ಮಾಡುವುದಿಲ್ಲ. ನೂರಾರು ಕಂಪನಿಗಳು, ಹಲವು ದೇಶಗಳು ಸೇರಿದರೆ ಒಂದು ಕಾರು. ಕೊಂಡಿ ಒಂದು ಕಳಚಿದರೆ ಏನಾಗುತ್ತದೆಂದು 2021ರಲ್ಲಿ ಜಗತ್ತು ಕಂಡಿತು. ಕೊರೊನಾದ ಹೊಡೆತಕ್ಕೆ ಬೆರಳುಗುರಿನಷ್ಟು ಗಾತ್ರದ ಚಿಪ್‌ಗಳ ಪೂರೈಕೆ ತಪ್ಪಿತು. ದೊಡ್ಡ ದೊಡ್ಡ ಕಾರ್ಖಾನೆಗಳೇ ಕೆಲಸ ನಿಲ್ಲಿಸಿದವು. ಹೊಸ ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಹೊಸದು ಸಿಗದವರು ಹಳೆಯದರತ್ತ ತಿರುಗಿದರು, ಹಳೆಯ ಕಾರಿನ ಬೆಲೆ ಏರಿತು. ತೈವಾನಿನ ಚಿಪ್ಪಿಗೂ ಕೆ.ಆರ್. ಪೇಟೆಯ ಸೆಕೆಂಡ್‌ಹ್ಯಾಂಡ್ ಕಾರಿನ ದರಕ್ಕೂ ಸಂಬಂಧ ಏರ್ಪಟ್ಟಿದ್ದು ಹೀಗೆ.

ಬಯಲಾದ ಬೆಲೆ

ಇನ್ನು ಮಾರಾಟದ ಕಥೆ. 1995ರಲ್ಲಿ ಅಮೆರಿಕದಲ್ಲಿ ‘ಆಟೊಬೈಟೆಲ್’ ಎಂಬ ಸಂಸ್ಥೆ ಇಂಟರ್‌ನೆಟ್ ಮೂಲಕ ಕಾರು ಕೊಳ್ಳುವವರನ್ನೂ ಡೀಲರುಗಳನ್ನೂ ಜೋಡಿಸತೊಡಗಿತು. ಡೀಲರಿನ ಮೇಜಿನ ಆ ಬದಿಯಲ್ಲಿ ಮಾತ್ರ ಇದ್ದ ಬೆಲೆಯ ಗುಟ್ಟು ಗಿರಾಕಿಯ ಬದಿಗೂ ಬಂತು. ಭಾರತದಲ್ಲಿ 2005ರಲ್ಲಿ ‘ಕಾರ್‌ವಾಲೆ’, 2008ರಲ್ಲಿ ‘ಕಾರ್‌ದೇಖೊ’ ಆರಂಭವಾದವು. ಅಗ್ಗದ ಮೊಬೈಲ್, ಅಗ್ಗದ ಡೇಟಾ ಬಂದ ಮೇಲೆ ಹಳ್ಳಿಯ ಜಗಲಿಗೂ ಈ ಸಂತೆ ತಲುಪಿತು. ಟವಲನ್ನು ಇಂಟರ್‌ನೆಟ್ ಎಳೆದುಹಾಕಿತು ಎನ್ನಬಹುದು.

ಇದರಿಂದ ಆದ ಉಪಕಾರ ಸಣ್ಣದಲ್ಲ. ಒಂದೇ ವರ್ಷದ, ಒಂದೇ ಮಾದರಿಯ ಇಪ್ಪತ್ತು ಕಾರುಗಳ ದರ ಹೋಲಿಸಿ ನೋಡುವ ಅನುಕೂಲ ಹಿಂದೆ ಯಾವ ರೈತನಿಗೂ ಇರಲಿಲ್ಲ. ಆದರೆ ಅಲ್ಲಿ ಕಾಣುವ ದರವೂ ಪೂರ್ತಿ ದರವಲ್ಲ. ಹೊಸ ಕಾರಿಗೆ ದೊಡ್ಡ ಅಕ್ಷರದಲ್ಲಿ ತೋರಿಸುವುದು ಎಕ್ಸ್ ಷೋರೂಮ್ ಬೆಲೆ. ಅದರ ಮೇಲೆ ಜೀವಿತಾವಧಿ ತೆರಿಗೆ, ವಿಮೆ, ನೋಂದಣಿ ಶುಲ್ಕ ಸೇರಿದರೆ ಮಾತ್ರ ಕಾರು ರಸ್ತೆಗಿಳಿಯುತ್ತದೆ. ಹೊರರಾಜ್ಯದ ಹಳೆಯ ಕಾರಾದರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರವೂ ಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ದೂರದ ಕಾರು ಅಗ್ಗವಾಗಿ ಕಂಡರೆ ಈ ಲೆಕ್ಕ ಮೊದಲು ಹಾಕುವುದು ಒಳ್ಳೆಯದು.

ಕಾರಿನ ಹಲ್ಲು ನೋಡುವುದು

ಎತ್ತಿಗೆ ಹಲ್ಲಿದ್ದಂತೆ ಕಾರಿಗೆ ಚಾಸಿಸ್ ನಂಬರಿದೆ. ಅಂಕಿ ಅಕ್ಷರಗಳು ಸೇರಿ ಒಟ್ಟು 17. ಜಗತ್ತಿನ ಬಹುಪಾಲು ದೇಶಗಳಿಗೆ ಇದೇ ಪದ್ಧತಿ. ಒಂದು, ಸೊನ್ನೆ ಎಂದು ತಪ್ಪಾಗಿ ಓದಬಾರದೆಂದು ‘ಐ’, ‘ಓ’, ‘ಕ್ಯು’ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಮೊದಲ ಮೂರು ಅಕ್ಷರಗಳು ಯಾವ ದೇಶ, ಯಾವ ಕಂಪನಿ ಎಂದು ಹೇಳುತ್ತವೆ. ಭಾರತದಲ್ಲಿ ತಯಾರಾದ ವಾಹನದ ಸಂಖ್ಯೆ ‘ಎಂ’ ಅಕ್ಷರದಿಂದ ಆರಂಭವಾಗುತ್ತದೆ. ಬಹುತೇಕ ಕಂಪನಿಗಳು ತಯಾರಿಕೆಯ ವರ್ಷವನ್ನೂ ಅದರೊಳಗೆ ಸೂಚಿಸುತ್ತವೆ. ಲೋಹದ ಮೇಲೆ ಕೊರೆದ ಈ ಸಂಖ್ಯೆಗೂ ಆರ್.ಸಿ.ಯಲ್ಲಿರುವ ಸಂಖ್ಯೆಗೂ ಒಂದಕ್ಷರ ವ್ಯತ್ಯಾಸವಿದ್ದರೂ ವ್ಯಾಪಾರ ಅಲ್ಲಿಗೇ ನಿಲ್ಲಬೇಕು.

ಎರಡನೆಯದು ನೋಂದಣಿ ಸಂಖ್ಯೆ. ಕೆಎ-11 ಎಂದರೆ ಮಂಡ್ಯ, ಕೆಎ-54 ಎಂದರೆ ನಾಗಮಂಗಲ ಎಂಬುದು ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಆ ಸಂಖ್ಯೆಯನ್ನು ಕೇಂದ್ರ ಸಾರಿಗೆ ಇಲಾಖೆಯ ‘ವಾಹನ್’ ದಾಖಲೆಯಲ್ಲಿ ಹುಡುಕಿದರೆ ಮೊದಲ ನೋಂದಣಿಯ ದಿನ, ವಿಮೆಯ ಅವಧಿ, ಸಾಲಕ್ಕೆ ಅಡಮಾನವಿದೆಯೇ ಎಂಬ ವಿವರ ತಿಳಿಯುತ್ತದೆ. ಬ್ಯಾಂಕಿನ ಸಾಲ ತೀರಿದ್ದರೂ ದಾಖಲೆಯಲ್ಲಿ ಅಡಮಾನ ಉಳಿದಿರಬಹುದು. ಅದನ್ನು ತೆಗೆಸಲು ಬ್ಯಾಂಕಿನ ಪತ್ರ ಮತ್ತು 35ನೇ ನಮೂನೆ ಬೇಕು. ಬಾಕಿ ದಂಡದ ಚಲನ್‌ಗಳನ್ನೂ ಹೀಗೆಯೇ ನೋಡಬಹುದು.

ನೊಗಕ್ಕೆ ಹೂಡಿ ನೋಡುವ ಕೆಲಸಕ್ಕೆ ಮಾತ್ರ ಮೊಬೈಲಿನಲ್ಲಿ ಪರ್ಯಾಯವಿಲ್ಲ. ಗುರುತಿನ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿ, ತಣ್ಣಗಿರುವಾಗಲೇ ಎಂಜಿನ್ ಚಾಲೂ ಮಾಡಿಸಿ, ಓಡಿಸಿ ನೋಡಬೇಕು. ಗಾಡಿ ನೋಡುವ ಮೊದಲೇ ಮುಂಗಡ ಕೇಳುವವನಿಂದ ದೂರವಿರಬೇಕು. ಸೈನಿಕನ ಸಮವಸ್ತ್ರದ ಫೋಟೊ ಕಳಿಸಿ, ವರ್ಗವಾಗಿದೆ, ತುರ್ತಾಗಿ ಮಾರುತ್ತಿದ್ದೇನೆ ಎಂದು ನಂಬಿಸಿ ಹಣ ಹಾಕಿಸಿಕೊಳ್ಳುವ ಮೋಸ ದೇಶದಾದ್ಯಂತ ನಡೆದಿದೆ. ಮಾರುವವನಿಗೂ ಎಚ್ಚರ ಬೇಕು. ಹಣ ಪಡೆಯಲು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮೋಸ ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಿದರೆ ಹಣವನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಹೆಸರಿನ ಹೊಣೆ

ಜಾತ್ರೆಯಲ್ಲಿ ಹಗ್ಗ ಕೈ ಬದಲಾದರೆ ಎತ್ತಿನ ಮಾಲೀಕ ಬದಲಾದಂತೆ. ವಾಹನಕ್ಕೆ ಕೀಲಿಕೈ ಬದಲಾದರೆ ಸಾಲದು. ಈ ವ್ಯತ್ಯಾಸ ತಿಳಿಯದೆ ಕಷ್ಟಕ್ಕೆ ಸಿಕ್ಕುವವರು ಕೊಳ್ಳುವವರಿಗಿಂತ ಹೆಚ್ಚಾಗಿ ಮಾರಿದವರು. ‘ನಂಬಿಕೆ ಇಡಣ್ಣ, ಮುಂದಿನ ವಾರ ಹೆಸರು ಮಾಡಿಸ್ಕೊತೀನಿ’ ಎಂಬ ಮಾತಿಗೆ ಖಾಲಿ ಫಾರಂಗಳಿಗೆ ಸಹಿ ಹಾಕಿ ಬೈಕು ಕೊಟ್ಟುಬಿಡುವುದು ಹಳ್ಳಿಗಳಲ್ಲಿ ಅಪರೂಪವಲ್ಲ.

ಇದರ ಫಲವೇನು? 2018ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಪ್ರಕರಣವೊಂದನ್ನು ನೋಡಿ. ಒಬ್ಬರು 2007ರಲ್ಲಿ ಕಾರು ಮಾರಿದ್ದರು. ಆಮೇಲೆ ಅದು ಹಲವರ ಕೈ ದಾಟಿತು. 2009ರಲ್ಲಿ ಅಪಘಾತವಾಗಿ ಜೀವಹಾನಿ ಆಯಿತು. ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಉಳಿದಿತ್ತು. ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಅಪಘಾತಕ್ಕೆ ಸಿಕ್ಕ ಕುಟುಂಬ ಮಾಲೀಕರ ಸರಪಳಿ ಹಿಡಿದು ಅಲೆಯಬಾರದು ಎಂಬುದು ಅದರ ಹಿಂದಿನ ನ್ಯಾಯ.

ವಾಹನ ಮಾರಿದವರು ರಾಜ್ಯದೊಳಗಿನ ವ್ಯವಹಾರವಾದರೆ 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. 29 ಮತ್ತು 30ನೇ ನಮೂನೆಗಳು ಇರುವುದು ಇದಕ್ಕಾಗಿ. ಮಧ್ಯವರ್ತಿ ವ್ಯಾಪಾರಿಗಳ ಬಗೆಗೂ 2023ರ ಏಪ್ರಿಲ್ 1ರಿಂದ ನಿಯಮ ಜಾರಿಗೆ ಬಂದಿದೆ. ಸಾರಿಗೆ ಇಲಾಖೆಯ ಅಧಿಕಾರ ಪತ್ರವಿರುವ ವ್ಯಾಪಾರಿಗೆ ವಾಹನ ಒಪ್ಪಿಸಿ ಆ ವಿಷಯವನ್ನು ಇಲಾಖೆಗೆ ತಿಳಿಸಿದರೆ, ಅಲ್ಲಿಂದಾಚೆಗೆ ಆತನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಆ ಪತ್ರ ಇದೆಯೇ ಎಂದು ಕೇಳುವುದು ಸಂಕೋಚದ ವಿಷಯವಲ್ಲ.

ಕಾರು ಮಾಡುವವರು ಜಗತ್ತಿನ ಯಾವ ಮೂಲೆಯಲ್ಲಾದರೂ ಇರಲಿ, ಮಾರುವವರು ಯಾವ ಊರಿನಲ್ಲಾದರೂ ಇರಲಿ, ಅದರ ಹೊಣೆ ಕೊನೆಗೆ ಬಂದು ನಿಲ್ಲುವುದು ಒಂದು ಹೆಸರಿನ ಮುಂದೆ. ಕೊಳ್ಳುವಾಗ ಆ ಹೆಸರು ಯಾರದೆಂದು ನೋಡಬೇಕು. ಮಾರಿದ ಮೇಲೆ ಅಲ್ಲಿ ತಮ್ಮ ಹೆಸರು ಉಳಿದಿಲ್ಲವೆಂದು ಇನ್ನೊಮ್ಮೆ ನೋಡಬೇಕು. ಬೆಲೆ ಚೌಕಾಸಿಯಲ್ಲಿ ಉಳಿಯುವುದು ಸಾವಿರಗಳು. ಈ ಎರಡು ನೋಟದಿಂದ ಉಳಿಯುವುದು ಮನೆ, ಗದ್ದೆ.