ಓಟಿಲ್ಲದ ಊರಿನಲ್ಲಿ ರಾಜ್ಯಶಾಸ್ತ್ರ

(ಪೀಣ್ಯದಲ್ಲಿ ಸೇರಿದ್ದ ಕಾರ್ಖಾನೆ ನೌಕರರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಶಿಬಿರ ಆರಂಭವಾಗುವ ಮುನ್ನ ನಿಮ್ಮಲ್ಲೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರು ಹಗಲೆಲ್ಲ ಲೇತಿನ ಮುಂದೆ ನಿಂತು ದುಡಿಯುವವರು, ಬಿ.ಕಾಂ. ಪಾಸು ಮಾಡಿದ್ದಾರೆ. "ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದಬೇಕೆಂದಿದ್ದೇನೆ. ಮನೆಯಲ್ಲಿ ನಗುತ್ತಾರೆ. ಅದರಿಂದ ಏನು ಬಂತು, ನೀವೇ ಹೇಳಿ" ಎಂದರು. ಇಂದಿನ ನಮ್ಮ ಮಾತೆಲ್ಲ ಅವರಿಗೆ ಕೊಡುವ ಉತ್ತರ.

ಮೊದಲಿಗೆ, ಸುಳ್ಳು ಭರವಸೆ ಬೇಡ. ಈ ಪದವಿಯಿಂದ ನೌಕರಿ ಸಿಕ್ಕೇ ಸಿಕ್ಕುತ್ತದೆಂದು ನಾವು ಹೇಳುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳಲು ಬರಿಯ ಎಂ.ಎ. ಸಾಲದು, ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ಗೆಲ್ಲಬೇಕು, ಇಲ್ಲವೆ ಡಾಕ್ಟರೇಟ್ ಪಡೆಯಬೇಕು. ಅಷ್ಟೆಲ್ಲ ಮಾಡಿದವರಲ್ಲೂ ಎಷ್ಟೋ ಮಂದಿ ಅತಿಥಿ ಉಪನ್ಯಾಸಕರೆಂಬ ಹೆಸರಿನಲ್ಲಿ ಖಾಯಂ ಆಗದೆ ವರ್ಷಗಟ್ಟಲೆ ಸವೆಯುತ್ತಿದ್ದಾರೆ. ಅತಿಥಿಯೆಂದು ಕರೆದು ಅರೆಹೊಟ್ಟೆಯಲ್ಲಿ ಎಬ್ಬಿಸುವ ಮನೆ ಅದು.

ಹಾಗಿದ್ದರೂ ಓದಿರೆಂದೇ ನಾವು ಹೇಳುತ್ತೇವೆ. ಏಕೆ?

ನಗರದ ದಕ್ಷಿಣ ತುದಿಯ ಎಲೆಕ್ಟ್ರಾನಿಕ್ ಸಿಟಿಯನ್ನು ನೋಡಿ. ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಅದಕ್ಕೆ ಅಡಿಪಾಯ ಹಾಕಿತು. 2013ರಲ್ಲಿ ಅದನ್ನು ಕೈಗಾರಿಕಾ ಟೌನ್‌ಷಿಪ್ ಎಂದು ಸಾರಿ, ಆಡಳಿತಕ್ಕೆ ಒಂದು ಪ್ರಾಧಿಕಾರವನ್ನು ನೇಮಿಸಿದರು. ರಸ್ತೆ, ದೀಪ, ಕಸ, ಆಸ್ತಿ ತೆರಿಗೆ ಎಲ್ಲವೂ ಅದರ ಕೈಯಲ್ಲಿ. ಜನ ಓಟು ಹಾಕಿ ಆರಿಸಿದ ಸದಸ್ಯರು ಮಾತ್ರ ಅಲ್ಲಿಲ್ಲ. ಇದು ಕಾನೂನು ಬಾಹಿರವೂ ಅಲ್ಲ. ಪೌರಸಂಸ್ಥೆಗಳಿಗೆ ಸಂವಿಧಾನದ ಬಲ ಕೊಟ್ಟ 74ನೆಯ ತಿದ್ದುಪಡಿಯೇ, 243 ಕ್ಯೂ ವಿಧಿಯಲ್ಲಿ, ಕೈಗಾರಿಕಾ ಟೌನ್‌ಷಿಪ್ಪಿಗೆ ಚುನಾಯಿತ ಪೌರಸಭೆ ಬೇಕಿಲ್ಲವೆಂದು ಒಂದು ಕಿಂಡಿಯನ್ನು ಬಿಟ್ಟಿದೆ.

ಅಲ್ಲಿ ರಸ್ತೆ ಚೆನ್ನಾಗಿದೆಯಲ್ಲ ಎನ್ನುವವರಿದ್ದಾರೆ. ಇರಬಹುದು. ಮಹಾರಾಜರ ಕಾಲದಲ್ಲೂ ಒಳ್ಳೆಯ ರಸ್ತೆಗಳಿದ್ದುವು. ರಸ್ತೆ ಹೇಗಿದೆಯೆಂಬುದು ಇಂಜಿನಿಯರ ಪ್ರಶ್ನೆ. ಯಾರ ಅಪ್ಪಣೆಯಿಂದ ಆಯಿತು, ಕೆಟ್ಟರೆ ಯಾರನ್ನು ಇಳಿಸಬಹುದು ಎಂಬುದು ರಾಜ್ಯಶಾಸ್ತ್ರದ ಪ್ರಶ್ನೆ.

ಇನ್ನು ನಮ್ಮ ಕಡೆಗೆ ಬನ್ನಿ. ಈ ಪೀಣ್ಯದ ಸುತ್ತಣ ದಾಸರಹಳ್ಳಿಗೂ ವೈಟ್‌ಫೀಲ್ಡ್ ಕಡೆಯ ಮಹದೇವಪುರಕ್ಕೂ ಹಿಂದೆ ಸ್ವಂತ ನಗರಸಭೆಗಳಿದ್ದುವು. 2007ರಲ್ಲಿ ಅವು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಕರಗಿದುವು. 2015ರಲ್ಲಿ ಆರಿಸಿದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಹೊಸ ಚುನಾವಣೆ ಆಗತಕ್ಕದ್ದೆಂದು ಸಂವಿಧಾನದ 243 ಯು ವಿಧಿ ಹೇಳುತ್ತದೆ. ಆದದ್ದೇನು? 2025ರಲ್ಲಿ ಪಾಲಿಕೆಯನ್ನು ಐದು ಪಾಲಿಕೆಗಳಾಗಿ ಒಡೆದರು. ಆ ವರ್ಷ ಮುಗಿದರೂ ಚುನಾವಣೆ ಆಗಿರಲಿಲ್ಲ. ಐದು ವರ್ಷಕ್ಕೂ ಮೀರಿ ಅಧಿಕಾರಿಗಳ ಆಳ್ವಿಕೆ! ಅಲ್ಲಿ ಕಾನೂನಿನ ಕಿಂಡಿಯಿಂದ ಓಟು ಹೋಯಿತು. ಇಲ್ಲಿ ಕಾನೂನನ್ನು ಬದಿಗಿಟ್ಟು ಓಟು ಹೋಯಿತು.

ಇಂಥ ಊರಿನಲ್ಲಿ ಕುಳಿತು ಎಂ.ಎ. ವಿದ್ಯಾರ್ಥಿಯು "ಸ್ಥಳೀಯ ಸ್ವಯಮಾಡಳಿತದ ಮಹತ್ವ" ಎಂಬ ಪ್ರಶ್ನೆಗೆ ಹತ್ತು ಅಂಶಗಳನ್ನು ಬಾಯಿಪಾಠ ಮಾಡಿ ಬರೆಯುತ್ತಾನೆ. ಕಿಟಕಿಯಿಂದಾಚೆ ನೋಡೆಂದು ಅವನಿಗೆ ಹೇಳುವವರು ಯಾರು?

ಇನ್ನೊಂದು ನಿದರ್ಶನ. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು: ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು ಕೆಲಸಗಾರರು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಲಾಠಿ ಬಿತ್ತು. ಬಸ್ಸುಗಳು ಸುಟ್ಟುವು, ಅದನ್ನು ನಾವು ಮೆಚ್ಚುವುದಿಲ್ಲ. 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಲೋಕಸಭೆಯಲ್ಲಿ ಚರ್ಚೆಯಿಲ್ಲದೆ, ಗೆಜೆಟ್ಟಿನ ಒಂದು ಹಾಳೆಯಿಂದ, ಕೋಟ್ಯಂತರ ಜನರ ಗಳಿಕೆಗೆ ಬೀಗ ಹಾಕುವ ಅಧಿಕಾರ ಎಲ್ಲಿಂದ ಬಂತು? ಆ ತಾಯಂದಿರು ಕೇಳಿದ್ದು ಇದನ್ನೇ. ಅವರ ಕೈಯಲ್ಲಿ ಪುಸ್ತಕ ಇರಲಿಲ್ಲ, ಅಷ್ಟೆ.

ತನ್ನ ಜನದ ಪಾಡನ್ನೇ ಪಾಂಡಿತ್ಯದ ವಸ್ತುವಾಗಿ ಹಿಡಿಯುವುದು ಕೀಳಲ್ಲ. ರಾಮಮನೋಹರ ಲೋಹಿಯಾ ಬರ್ಲಿನ್ನಿಗೆ ಹೋಗಿ 1933ರಲ್ಲಿ ಡಾಕ್ಟರೇಟ್ ಪಡೆದರು. ಬರೆದದ್ದು ಯಾವುದರ ಮೇಲೆ? ಭಾರತದ ಉಪ್ಪಿನ ತೆರಿಗೆಯ ಮೇಲೆ. ನಮ್ಮ ಅಂಕೋಲೆಯ ಕಡಲ ದಂಡೆಯಲ್ಲೂ 1930ರಲ್ಲಿ ಜನ ಮುರಿದ ಅದೇ ಉಪ್ಪಿನ ಕಾಯಿದೆ! ಜಯಪ್ರಕಾಶ ನಾರಾಯಣರು 1922ರಲ್ಲಿ ಅಮೆರಿಕಕ್ಕೆ ಹೋದವರು ದ್ರಾಕ್ಷಿ ತೋಟದಲ್ಲೂ ಕಾರ್ಖಾನೆಯಲ್ಲೂ ಕೂಲಿ ಮಾಡಿ, 1929ರಲ್ಲಿ ಒಹಾಯೊದಲ್ಲಿ ಸಮಾಜಶಾಸ್ತ್ರದ ಎಂ.ಎ. ಪಡೆದರು. ದುಡಿಯುವ ಕೈಗೆ ಪುಸ್ತಕ ಭಾರವಲ್ಲ.

ಓದುವ ದಾರಿ ಯಾವುದು? ಜ್ಞಾನಭಾರತಿ ಇಲ್ಲಿಗೆ ದೂರವೇನಲ್ಲ. ಆದರೆ ಅಲ್ಲಿ ಪಾಠ ನಡೆಯುವುದು ಹಗಲಿನಲ್ಲಿ, ನೀವು ಯಂತ್ರದ ಮುಂದಿರುವ ಹೊತ್ತಿನಲ್ಲಿ. 1985ರ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯವು ಯಾವುದೇ ಪದವೀಧರನನ್ನು ರಾಜ್ಯಶಾಸ್ತ್ರದ ಎಂ.ಎ.ಗೆ ಸೇರಿಸಿಕೊಳ್ಳುತ್ತದೆ, ಅದರ ಪಾಠಗಳೋ ಇಂಗ್ಲಿಷ್, ಹಿಂದಿಯವು. 1996ರಲ್ಲಿ ಹುಟ್ಟಿದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಕನ್ನಡದಲ್ಲಿ ಕಲಿಯುವ ಬಾಗಿಲು ತೆರೆದಿದೆ. ಎಲ್ಲಿ ಸೇರಿದರೂ ಶುಲ್ಕ ಕಟ್ಟುವ ಮುನ್ನ ಆ ವರ್ಷದ ಯು.ಜಿ.ಸಿ. ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ.

ನಮ್ಮ ಬೇಡಿಕೆಗಳು ಮೂರು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ವಿಶ್ವವಿದ್ಯಾನಿಲಯಗಳು ಸಂಜೆಯ ಎಂ.ಎ. ತರಗತಿ ನಡೆಸಲಿ. ಒಳ್ಳೆಯ ಪಠ್ಯಗಳು ಕನ್ನಡದಲ್ಲಿ ಬರಲಿ. ಪ್ರತಿ ವಿದ್ಯಾರ್ಥಿಯ ಪ್ರಬಂಧವೂ ತಾನಿರುವ ಊರಿನ ಅಧಿಕಾರದ ಲೆಕ್ಕ ಕೇಳುವಂತಿರಲಿ: ತೆರಿಗೆ ಕೊಟ್ಟವರು ಯಾರು, ತೀರ್ಮಾನಿಸಿದವರು ಯಾರು?

ಪ್ರಶ್ನೆ ಕೇಳಿದ ಮಿತ್ರರಿಗೆ ಕೊನೆಯ ಮಾತು. ಮನೆಯಲ್ಲಿ ನಗುವವರ ಮೇಲೆ ಸಿಟ್ಟಾಗಬೇಡಿ. ಸಂಬಳದ ಚಿಂತೆ ಅವರಿಂದ ಹಾಗೆ ಆಡಿಸುತ್ತದೆ. ನಿಮ್ಮ ಬಡಾವಣೆಯ ನಲ್ಲಿಯಲ್ಲಿ ನೀರು ನಿಂತ ದಿನ ಅವರನ್ನು ಒಂದು ಮಾತು ಕೇಳಿ: "ನಾವು ಯಾರ ಬಾಗಿಲಿಗೆ ಹೋಗಬೇಕು?" ಉತ್ತರ ಯಾರಿಗೂ ತಿಳಿಯದಿದ್ದರೆ, ನೀವು ಏಕೆ ಓದಬೇಕೆಂಬುದು ಅವರಿಗೂ ತಿಳಿಯುತ್ತದೆ.