ವಾಲ್ವ್ ಒಂದೇ, ವ್ಯಾಟ್ ಬೇರೆ



ಯಲಬುರ್ಗಾ ತಾಲ್ಲೂಕಿನ ಬೇವೂರಿಗೆ ಬಯಲಾಟದ ಚಿತ್ರೀಕರಣಕ್ಕೆಂದು ಹೋಗಿದ್ದಾಗ, ಪಿಯುಸಿ ಓದುವ ಹುಡುಗನೊಬ್ಬ ತನ್ನ ಅಜ್ಜನ ಮೈಕ್ ಸೆಟ್ಟಿನ ಆಂಪ್ಲಿಫೈಯರನ್ನು ಹೊತ್ತು ತಂದ. ಒಳಗೆ ಎರಡು ಇಎಲ್ 84 ವಾಲ್ವ್‌ಗಳು, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾದವು. ಅದಕ್ಕೆ ಗಿಟಾರ್ ಜೋಡಿಸಬೇಕೆಂಬುದು ಅವನ ಆಸೆ. "ಸರ್, ಇದರ ಮ್ಯಾಲೆ ಹತ್ತು ವ್ಯಾಟ್ ಅಂತ ಬರದಾರ. ವಾಕ್ಸ್ ಎಸಿ 15 ಒಳಗೂ ಇವೇ ಎರಡು ವಾಲ್ವ್ ಅದಾವಂತ, ಅದು ಹದಿನೈದು ಕೊಡತೈತಿ. ದೊಡ್ಡ ವಾಲ್ವ್ ಹಾಕಿದ್ರ ಐವತ್ತು ಆಗತೈತೇನ್ರಿ?"

ಮುನಿರಾಬಾದಿನ ಅಣೆಕಟ್ಟನ್ನು ನೀವು ನೋಡಿರಬಹುದು. ಅದರ ಗೇಟು ನೀರನ್ನು ಹುಟ್ಟಿಸುವುದಿಲ್ಲ, ಹರಿವನ್ನು ಹಿಡಿದು ಬಿಡುತ್ತದೆ, ಅಷ್ಟೆ. ವಾಲ್ವಿನ ಕೆಲಸವೂ ಅದೇ. ಗಿಟಾರಿನ ದುರ್ಬಲ ಸಂಕೇತ ಗ್ರಿಡ್ಡಿನ ಮೇಲೆ ಏರಿಳಿದಂತೆ, ಪವರ್ ಟ್ರಾನ್ಸ್‌ಫಾರ್ಮರಿನಿಂದ ಬಂದ ವಿದ್ಯುತ್ತಿನ ಹರಿವು ಏರಿಳಿಯುತ್ತದೆ. ಸ್ಪೀಕರಿಗೆ ತಲುಪುವ ಶಕ್ತಿ ಆ ಸರಬರಾಜಿನದು.

ಒಂದು ಲೆಕ್ಕ ನೋಡೋಣ. ಒಂಟಿ ಇಎಲ್ 84ಕ್ಕೆ 250 ವೋಲ್ಟ್ ಕೊಟ್ಟು 48 ಮಿಲಿಆಂಪಿಯರ್ ಹರಿಸಿದರೆ 12 ವ್ಯಾಟ್ ಆಯಿತು. ಅದರ ಆನೋಡ್ ತಟ್ಟೆ ತಾಳಿಕೊಳ್ಳುವ ಶಾಖವೂ 12 ವ್ಯಾಟೇ. 'ಕ್ಲಾಸ್ ಎ' ವಿಧಾನದಲ್ಲಿ ಹಾಡಿರಲಿ, ಮೌನವಿರಲಿ, ಈ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಹೆಚ್ಚೆಂದರೆ ಅರ್ಧ ಭಾಗ ಧ್ವನಿಯಾದೀತು. ತಯಾರಕರ ಕೈಪಿಡಿ ಹೇಳುವುದು 5.7 ವ್ಯಾಟ್, ಅದೂ ನೂರಕ್ಕೆ ಹತ್ತರಷ್ಟು ವಿಕೃತಿಯನ್ನು ಒಪ್ಪಿಕೊಂಡರೆ.

ಹಾಗಾದರೆ ಎರಡು ವಾಲ್ವಿಗೆ ಹನ್ನೊಂದೂವರೆ ಎಂದು ನೀವು ಗುಣಿಸುತ್ತೀರಿ. ಆದರೆ 300 ವೋಲ್ಟಿನಲ್ಲಿ, 'ಕ್ಲಾಸ್ ಎಬಿ' ಪುಶ್-ಪುಲ್ ಜೋಡಣೆಯಲ್ಲಿ, ಅದೇ ಕೈಪಿಡಿ ಕೊಡುವುದು 17. ಇಲ್ಲಿ ಒಂದು ವಾಲ್ವ್ ದುಡಿಯುವಾಗ ಇನ್ನೊಂದರ ಭಾರ ಇಳಿಯುತ್ತದೆ. ವಿಶ್ರಾಂತಿಯಲ್ಲಿ ಹರಿಯುವ ವಿದ್ಯುತ್ ಕಡಿಮೆ, ಶಾಖವೂ ಕಡಿಮೆ. ಉಳಿದ ಅವಕಾಶ ಧ್ವನಿಗೆ ಸಿಗುತ್ತದೆ.

ಹಿರಿಯ ವಾಲ್ವ್ ಇಎಲ್ 34ರ ಕಥೆ ಇನ್ನೂ ಸ್ವಾರಸ್ಯ. ಎರಡು ವಾಲ್ವ್, 375 ವೋಲ್ಟ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಹೊರೆ 3400 ಓಮ್: ಸಿಗುವುದು 35 ವ್ಯಾಟ್. ಅವೇ ಎರಡಕ್ಕೆ 800 ವೋಲ್ಟ್ ಕೊಟ್ಟು ಹೊರೆಯನ್ನು 11000 ಓಮ್ ಮಾಡಿದರೆ 100 ವ್ಯಾಟ್! ಅಣೆಕಟ್ಟೆಯ ನೀರಿನ ಮಟ್ಟ ಏರಿತು, ಗೇಟು ಬದಲಾಗಲಿಲ್ಲ.

ಹುಡುಗನ ಪೆಟ್ಟಿಗೆಗೆ ಹತ್ತೇ ಏಕೆ? 1950ರ ದಶಕದಲ್ಲಿ ಮುಲ್ಲಾರ್ಡ್ ಕಂಪನಿ ಪ್ರಕಟಿಸಿದ '5-10' ಎಂಬ ವಿನ್ಯಾಸವೂ ಹೀಗೆಯೇ: ಐದು ವಾಲ್ವ್, ಹತ್ತು ವ್ಯಾಟ್, ಕೊನೆಯ ಎರಡು ಇಎಲ್ 84. ಹಾಡು ಇದ್ದಂತೆಯೇ ಕೇಳಬೇಕೆಂಬ ಹಟದಿಂದ ಅವರು ಕೆಲವು ವ್ಯಾಟ್‌ಗಳನ್ನು ಬಿಟ್ಟುಕೊಟ್ಟರು. ಗಿಟಾರ್ ನುಡಿಸುವವರಿಗೆ ಆ ಹಟವಿಲ್ಲ, ಸ್ವರ ತುಸು ಒಡೆದರೆ ಅವರಿಗೆ ಖುಷಿಯೇ. ಎಷ್ಟು ವಿಕೃತಿಯವರೆಗೆ ಅಳೆದರು ಎಂದು ಕೇಳದೆ ವ್ಯಾಟ್ ನಂಬಬೇಡಿ.

ದೊಡ್ಡ ವಾಲ್ವಿನ ಆಸೆಗೆ ನಾನು ಬೇಡವೆಂದೆ. ಇಎಲ್ 34ರ ಸಾಕೆಟ್ಟೇ ಬೇರೆ. ಅದನ್ನು ಬದಲಿಸಿದರೂ, ಇಎಲ್ 84ರ ಹೀಟರಿಗೆ 0.76 ಆಂಪಿಯರ್ ಸಾಕಾದರೆ ಇದಕ್ಕೆ 1.5 ಬೇಕು, ಅಜ್ಜನ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಮೇಲಾಗಿ ಹತ್ತು ವ್ಯಾಟಿಗೂ ಹದಿನೈದಕ್ಕೂ ಇರುವ ಅಂತರ ಎರಡು ಡೆಸಿಬೆಲ್ಲಿಗಿಂತ ಕಡಿಮೆ, ಕಿವಿಗೆ ಅಷ್ಟಾಗಿ ತಿಳಿಯದು. ಧ್ವನಿ ಎರಡರಷ್ಟು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು! ಅದೇ ವ್ಯಾಟಿಗೆ ಮೂರು ಡೆಸಿಬೆಲ್ ಹೆಚ್ಚು ಸದ್ದು ಮಾಡುವ ಸ್ಪೀಕರ್ ಹುಡುಕಿದರೆ, ಆಂಪ್ಲಿಫೈಯರಿನ ವ್ಯಾಟ್ ದುಪ್ಪಟ್ಟಾದಂತೆಯೇ.

ಪೆಟ್ಟಿಗೆಯನ್ನು ತಾನೇ ಬಿಚ್ಚಲು ಹೊರಟಿದ್ದವನ ಕೈ ಹಿಡಿದು ನಿಲ್ಲಿಸಿದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ 300 ವೋಲ್ಟ್ ಕಾದು ಕುಳಿತಿರಬಹುದು. ಹಳೆಯ ರೇಡಿಯೊ ರಿಪೇರಿ ಬಲ್ಲವರಿಂದ ಮೊದಲು ಅವನ್ನು ಪರೀಕ್ಷಿಸಬೇಕು. ಸ್ಪೀಕರ್ ಜೋಡಿಸದೆ ಸೆಟ್ ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೆಟ್ಟೀತು. ಸ್ಪೀಕರಿನ ಹಿಂದೆ 8 ಓಮ್ ಎಂದಿದ್ದರೆ ತಂತಿ ಸೇರಬೇಕಾದದ್ದು 8 ಓಮಿನ ತುದಿಗೇ.