ಊರಬಾಗಿಲಿಗೆ ಬೋರ್ಡು ಹಾಕಿದವರು ಫೋನಿಗೆ ಬಾಗಿಲು ಹಾಕಬೇಡವೇ?

(ಗುಂಡ್ಲುಪೇಟೆ ತಾಲ್ಲೂಕಿನ ರೈತರ ಸಭೆಯೊಂದರಲ್ಲಿ ಆಡಿದ ಮಾತು)



1980ರ ದಶಕದಲ್ಲಿ ರೈತಸಂಘ ಇದ್ದ ಹಳ್ಳಿಗಳಲ್ಲಿ ಊರ ಮುಂದೆ ಒಂದು ಬೋರ್ಡು ಇರ್ತಿತ್ತು. ವಸೂಲಿಗೆ ಬರುವ ಅಧಿಕಾರಿ ಊರವರ ಅಪ್ಪಣೆ ಪಡೆದೇ ಒಳಗೆ ಕಾಲಿಡಬೇಕು ಅಂತ. ವಯಸ್ಸಾದವರಿಗೆ ನೆನಪಿರಬೇಕು. ಈಗ ವಸೂಲಿಗಾರ ಊರಬಾಗಿಲಿಗೆ ಬರಬೇಕಾಗೇ ಇಲ್ಲ. ನಿಮ್ಮ ಜೇಬಿನಲ್ಲೇ ಕೂತಿದ್ದಾನೆ. ಕೂರಿಸಿದವರು ಯಾರು? ನಾವೇ. ಹತ್ತು ಅಂಕಿಯ ಒಂದು ನಂಬರನ್ನು ಕಂಡಕಂಡಲ್ಲಿ ಬರೆದುಕೊಟ್ಟು ಕೂರಿಸಿದ್ದೇವೆ.

ಲೆಕ್ಕ ಹಾಕಿ ನೋಡಿ. ತೆರಕಣಾಂಬಿ ಮಾರುಕಟ್ಟೆಯ ಮಂಡಿಗೆ, ತರಕಾರಿ ಕೊಳ್ಳಲು ಬರುವ ಕೇರಳದ ವ್ಯಾಪಾರಿಗೆ, ಚೆಂಡುಹೂವಿನ ಕಂಪನಿಯ ಏಜೆಂಟನಿಗೆ, ಗೊಬ್ಬರದ ಅಂಗಡಿಗೆ, ಟ್ರ್ಯಾಕ್ಟರ್ ಷೋರೂಮಿಗೆ ಕೊಟ್ಟದ್ದು ಒಂದೇ ನಂಬರು. ಆಧಾರಿಗೆ, ಬ್ಯಾಂಕಿಗೆ, ಬೆಳೆಸಾಲಕ್ಕೆ, ಫ್ರೂಟ್ಸ್ ನೋಂದಣಿಗೆ ಇರೋದೂ ಅದೇ ನಂಬರು. ಓಟಿಪಿ ಬರೋದೂ ಅದಕ್ಕೇ. ಜಗಲಿಯಲ್ಲಿ ಯಾರು ಬೇಕಾದರೂ ಕೂರಲಿ, ಒಂದು ಲೋಟ ನೀರು ಕೊಡೋಣ. ಹಾಗಂತ ದಾರಿಹೋಕನನ್ನು ನಡುಮನೆಗೆ ಕರೆದು ಪೆಟ್ಟಿಗೆ ತೋರಿಸ್ತೀವಾ? ಫೋನಿನಲ್ಲಿ ಮಾತ್ರ ಅದನ್ನೇ ಮಾಡಿದ್ದೇವೆ.

ನನ್ನ ನೆಂಟರೊಬ್ಬರು ಅರಿಸಿನ ಬೇಯಿಸೋ ಕೂಲಿಗೆ ದುಡ್ಡು ಸಾಲದೆ ಮೊಬೈಲಿನ ಸಾಲದ ಆಪಿನಿಂದ ಒಂದಿಷ್ಟು ತಗೊಂಡರು. ಅದು ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಬಾಚಿಕೊಂಡಿತು. ಕಂತು ಒಂದು ವಾರ ತಡವಾಯಿತು. ಕರೆ ಹೋದದ್ದು ಮೈಸೂರಿನ ಹಾಸ್ಟೆಲಿನಲ್ಲಿದ್ದ ಮಗಳಿಗೆ, ಆಮೇಲೆ ಬೀಗರಿಗೆ. ಆ ಮಗು ಎರಡು ದಿನ ಊಟ ಬಿಟ್ಟಿತ್ತು. ಸಾಲ ಮಾಡಿದ್ದು ಅಪ್ಪ, ಮರ್ಯಾದೆ ಹೋದದ್ದು ಮಗಳದು. ಇದು ಯಾವ ನ್ಯಾಯ?

ಸಾಲದ ಆಪುಗಳು ಫೋನಿನೊಳಗಿನ ನಂಬರುಗಳಿಗೆ ಕೈಹಾಕಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಆದರೂ ಲೈಸೆನ್ಸಿಲ್ಲದ ಕಳ್ಳ ಆಪುಗಳು ಕೇಳಬೇಕಲ್ಲ! 2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಾಳದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಮರುತಿಂಗಳೇ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಕಾನೂನು ಬೇಕು. ಆದರೆ ಅದು ನೆರವಿಗೆ ಬರೋವರೆಗೆ ನಮ್ಮ ಬಾಗಿಲ ಅಗಳಿ ನಾವೇ ಹಾಕಬೇಕು.

ಅದಕ್ಕೆ ಎರಡು ನಂಬರು ಇಟ್ಟುಕೊಳ್ಳಿ. ಹಳೇ ನಂಬರು ಹೇಗೂ ಎಲ್ಲರ ಕೈಲಿದೆ. ಅದು ಜಗಲಿಯ ನಂಬರಾಗಲಿ. ಮಂಡಿ, ಅಂಗಡಿ, ಏಜೆಂಟು ಎಲ್ಲ ಅದಕ್ಕೇ. ಹೊಸದೊಂದು ಸಿಮ್ಮನ್ನು ನಿಮ್ಮ ಹೆಸರಲ್ಲೇ ತಗೊಂಡು ಬ್ಯಾಂಕಿಗೆ, ಆಧಾರಿಗೆ, ಪಹಣಿ-ಪರಿಹಾರದ ಕೆಲಸಕ್ಕೆ ಮಾತ್ರ ಕೊಡಿ. ಬ್ಯಾಂಕಿನ ಶಾಖೆಗೂ ಆಧಾರ್ ಕೇಂದ್ರಕ್ಕೂ ನೀವೇ ಹೋಗಿ ಬದಲಾಯಿಸಿ. ಫೋನಿನಲ್ಲಿ 'ನಾವೇ ಮಾಡಿಕೊಡ್ತೀವಿ' ಅನ್ನೋನನ್ನು ನಂಬಬೇಡಿ. ಈ ಸಿಮ್ಮು ಗುಂಡಿ ಒತ್ತೋ ಸಣ್ಣ ಫೋನಿನಲ್ಲಿದ್ದರೆ ಇನ್ನೂ ಒಳ್ಳೇದು. ಯಾವ ಆಪೂ ಅದರೊಳಕ್ಕೆ ಇಣುಕೋದಿಲ್ಲ.

ರೀಚಾರ್ಜಿನ ಖರ್ಚು ಎರಡಾಗುತ್ತಲ್ಲಪ್ಪ ಅಂತೀರಿ. ನಿಜ. ಆದರೆ ಬೇಡ ಅಂತ ಮೂಲೆಗೆ ಎಸೆಯಬೇಡಿ. 90 ದಿನ ಒಂದು ಕರೆಯೂ ಇಲ್ಲದೆ, ಕರೆನ್ಸಿಯೂ ಇಲ್ಲದೆ ಬಿಟ್ಟರೆ ಕಂಪನಿ ನಂಬರನ್ನು ಕಿತ್ತುಕೊಂಡು ಮುಂದೆ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಬ್ಯಾಂಕಿನ ಓಟಿಪಿ ಯಾರದೋ ಮನೆಗೆ ಹೋಗುತ್ತೆ. ನಂಬರು ಬಿಡೋ ಮುಂಚೆ ಬ್ಯಾಂಕಿನಿಂದ ಅದನ್ನು ತೆಗೆಸಿ. ನಿಮ್ಮ ಹೆಸರಲ್ಲಿ ನಿಮಗೇ ಗೊತ್ತಿಲ್ಲದ ಸಿಮ್ಮುಗಳಿವೆಯೋ ಅಂತ ಸಂಚಾರ್ ಸಾಥಿಯಲ್ಲಿ ಮಕ್ಕಳಿಂದ ನೋಡಿಸಿ.

ಇಮೇಲಿನದೂ ಇದೇ ಕಥೆ. ಕಂಪ್ಯೂಟರ್ ಅಂಗಡಿ ಹುಡುಗ ಮಾಡಿಕೊಟ್ಟ ಇಮೇಲು, ಅದರ ಪಾಸ್‌ವರ್ಡು ಅವನ ಹತ್ತಿರವೇ! ಬ್ಯಾಂಕು-ದಾಖಲೆಗೆ ಒಂದು, ಅಂಗಡಿ-ಆಪುಗಳಿಗೆ ಇನ್ನೊಂದು ಮಾಡಿಸಿ. ಮೊದಲನೆಯದರ ಪಾಸ್‌ವರ್ಡು ಮನೆ ದಾಟಬಾರದು.

ಸಾಲದ ಅರ್ಜಿಯಲ್ಲಿ 'ಪರಿಚಯದವರ ನಂಬರು' ಅಂತ ಕೇಳ್ತಾರೆ. ಅಲ್ಲಿ ಹೆಣ್ಣುಮಕ್ಕಳ, ಬೀಗರ ನಂಬರನ್ನು ಅವರನ್ನು ಕೇಳದೆ ಬರೆಯಬೇಡಿ.

ಇದು ಸಾಲ ತಪ್ಪಿಸಿಕೊಳ್ಳೋ ಉಪಾಯ ಅಂತ ಯಾರೂ ತಿಳೀಬೇಡಿ. ಬೆಲೆ ಸಿಕ್ಕರೆ ರೈತ ಸಾಲ ತೀರಿಸ್ತಾನೆ. ಸಾಲ ಕೊಟ್ಟವನು ಸಾಲ ತಗೊಂಡವನನ್ನು ಕೇಳಲಿ, ಹೊತ್ತು ನೋಡಿ ಕೇಳಲಿ. ಮೋಸದಲ್ಲಿ ದುಡ್ಡು ಹೋದರೆ ನಾಚಿಕೊಂಡು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಪ್ರಜೆಯ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಹಕ್ಕು ಪೇಟೆಯವರಿಗೆ ಮಾತ್ರ ಅಲ್ಲ, ಅರಿಸಿನ ಬೆಳೆಯೋನಿಗೂ ಇದೆ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ನಂಬರು ಯಾರ್‍ಯಾರ ಹತ್ತಿರ ಇದೆ ಅಂತ ಹೆಂಡತಿ ಮಕ್ಕಳ ಜೊತೆ ಕೂತು ಒಂದು ಪಟ್ಟಿ ಮಾಡಿ. ಆ ಪಟ್ಟಿ ನೋಡಿದರೆ ನನ್ನ ಭಾಷಣ ಬೇಕಾಗೋದಿಲ್ಲ.